ಮುದ್ದಣನ ಒಬ್ಬಳೇ ಶ್ರೋತೃ

ತಮ್ಮ ಖುಷಿಗಷ್ಟೇ ಬರೆಯುವವರು ಕನ್ನಡದಲ್ಲಿ ಬೇಕಾದಷ್ಟಿದ್ದಾರೆ. ಹಾಗೆಂದು ಮುನ್ನುಡಿಯಲ್ಲಿ ಹೇಳಿಕೊಂಡು ರಕ್ಷಾಪುಟದಲ್ಲಿ ಭಾವಚಿತ್ರವನ್ನೂ ಹಾಕಿಸುತ್ತಾರೆ. ಹೆಸರೇ ಬೇಡವೆಂದು ನಡೆದು ತೋರಿಸಿದವನು ಮುದ್ದಣ. 1870ರಲ್ಲಿ ನಂದಳಿಕೆಯಲ್ಲಿ ಹುಟ್ಟಿದ ಈತ ಉಡುಪಿಯ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದ. ಹುಡುಗರಿಗೆ ಕವಾಯತು ಮಾಡಿಸುತ್ತಲೇ ‘ಅದ್ಭುತ ರಾಮಾಯಣ’, ‘ಶ್ರೀರಾಮ ಪಟ್ಟಾಭಿಷೇಕ’, ‘ಶ್ರೀರಾಮಾಶ್ವಮೇಧ’ಗಳನ್ನು ಬರೆದು, ಯಾವನೋ ಹಳೆಯ ಕವಿಯ ಕೃತಿಗಳೆಂಬಂತೆ ಮೈಸೂರಿಗೆ ಕಳಿಸಿದ. ಹಳಗನ್ನಡ ಅಷ್ಟು ಗಟ್ಟಿಯಾಗಿತ್ತು, ಪಂಡಿತರೂ ನಂಬಿದರು. ಬಂದ ಹೊಗಳಿಕೆಯೆಲ್ಲ ಹುಟ್ಟೇ ಇರದ ಕವಿಯ ಖಾತೆಗೆ ಜಮೆಯಾಯಿತು.

ಹಾಗಂತ ಮುದ್ದಣ ಮೆಚ್ಚುಗೆಯ ಹಂಗು ತೊರೆದ ಸನ್ಯಾಸಿಯೇನಲ್ಲ. ‘ಶ್ರೀರಾಮಾಶ್ವಮೇಧ’ದ ಒಳಗೇ ಮನೋರಮೆ ಎಂಬ ಹೆಂಡತಿಯನ್ನು ಕೇಳುವವಳಾಗಿ ಕೂರಿಸಿದ್ದಾನೆ. ಕಥೆ ಶುರುವಾಗುವ ಮೊದಲೇ ಆಕೆಯ ಷರತ್ತು: ಪದ್ಯ ಬೇಡ, ಗದ್ಯವೇ ಇರಲಿ. ಸಂಸ್ಕೃತ ಹೆಚ್ಚಾದರೆ ಆಕ್ಷೇಪ, ನಡುನಡುವೆ ಕೊಂಕು, ಸಂದೇಹ, ನಗೆ. ಇಷ್ಟು ಧೈರ್ಯ ಇಂದಿನ ಸಂಪಾದಕರಿಗೂ ಇಲ್ಲ. ಕವಿಗೆ ಸಿಟ್ಟು ಬರುವುದಿಲ್ಲ. ಆಕೆಗೆ ಹಿಡಿಸುವಂತೆ ಧಾಟಿ ಬದಲಿಸಿ ಮುಂದುವರಿಯುತ್ತಾನೆ. ಲೋಕದ ಶಹಭಾಸ್‌ಗಿರಿ ಇಲ್ಲದಿದ್ದರೂ ನಡೆಯುತ್ತಿತ್ತು, ಮನೋರಮೆಯದು ಮಾತ್ರ ಬೇಕೇ ಬೇಕಿತ್ತು.

ಕ್ಷಯರೋಗದಿಂದ 1901ರಲ್ಲಿ ತೀರಿಕೊಂಡಾಗ ಆತನಿಗೆ 31 ವರ್ಷ. ಆ ಹಳೆಯ ಕವಿ ಈ ಡ್ರಿಲ್ ಮೇಷ್ಟ್ರೇ ಎಂದು ಓದುಗರಿಗೆಲ್ಲ ಖಚಿತವಾದದ್ದು ಎಷ್ಟೋ ವರ್ಷಗಳ ಮೇಲೆ.