ರೀ, ಸಿಲಿಂಡರ್ ಎಲ್ಲಿ?

ಯುಗಾದಿಯ ಹಿಂದಿನ ದಿನ ನಮ್ಮ ಅಡುಗೆಮನೆಯ ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ಕೈಗೇ ಬಂತು. ವರ್ಷಗಟ್ಟಲೆ ನೀರು ಕುಡಿದ ಪಾರ್ಟಿಕಲ್ ಬೋರ್ಡು, ಕಾಫಿಯಲ್ಲಿ ಅದ್ದಿದ ರಸ್ಕಿನ ಹಾಗೆ ಉಬ್ಬಿತ್ತು. ಹೆಂಡತಿ ಬಾಗಿಲನ್ನು ಹಿಡಿದುಕೊಂಡೇ ಹಾಲಿಗೆ ಬಂದು ನಿಂತಳು. ಮಾತಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿದವನಿಗೆ ಅಷ್ಟು ಸಾಕು.

ಹಬ್ಬ ಮುಗಿಸಿ ಮಾಡ್ಯುಲರ್ ಕಿಚನ್ ಅಂಗಡಿಗೆ ಹೋದೆವು. ಕಾಫಿ ಬಂತು, ಗೋಡೆಯಗಲದ ಪರದೆಯ ಮೇಲೆ ನಮ್ಮ ಅಡುಗೆಮನೆಯೂ ಬಂತು. ಕಟ್ಟೆಯ ಮೇಲೆ ಹಸಿರು ಸೇಬಿನ ಬುಟ್ಟಿ, ಪಕ್ಕದಲ್ಲಿ ಒಂದು ಆರ್ಕಿಡ್ ಹೂವು. ನಮ್ಮಲ್ಲಿ ಆ ಜಾಗದಲ್ಲಿ ಸಾರಿನ ಪುಡಿ ಡಬ್ಬ ಇರುತ್ತದೆ. ಕೊನೆಯ ಪುಟದ ಮೊತ್ತ ನೋಡಿ ಕಾಫಿ ಕಹಿಯಾಯಿತು. "ಚಿತ್ರದ ಒಂದು ಪ್ರತಿ ಕೊಡಪ್ಪಾ" ಅಂದೆ. "ಅಡ್ವಾನ್ಸ್ ಕಟ್ಟಿದ ಮೇಲೆ ಸಾರ್" ಅಂದ ಹುಡುಗ. ಇವನ ಚಿತ್ರ ಯಾರಿಗೆ ಬೇಕು, ನಾನೇ ಬರೀತೀನಿ ಅಂತ ಎದ್ದು ಬಂದೆ.

ಬರೆಯುವುದಕ್ಕೆ ಸಾಮಾನಿಗೇನೂ ಬರವಿಲ್ಲ. ಸ್ಕೆಚ್‌ಅಪ್ಪಿಗೆ ಬ್ರೌಸರಿನಲ್ಲೇ ಓಡುವ ಉಚಿತ ರೂಪವಿದೆ. ಐಕಿಯಾದವರ ಪ್ಲಾನರಿಗೂ ದುಡ್ಡಿಲ್ಲ, ಆದರೆ ಅದರಲ್ಲಿ ಜೋಡಿಸುವುದು ಅವರದೇ ಕಪಾಟು. ನಾನು ಹಿಡಿದದ್ದು ಸ್ವೀಟ್ ಹೋಮ್ 3ಡಿ. ಬಿಟ್ಟಿ, ಹಳೇ ಲ್ಯಾಪ್‌ಟಾಪಿನಲ್ಲೂ ಏದುಸಿರು ಬಿಡದೆ ಓಡುತ್ತದೆ. ಗೋಡೆ ಎಳೆದು ಕಪಾಟು ತಂದಿಟ್ಟರೆ ಮೇಲೆ ನಕ್ಷೆ, ಕೆಳಗೆ 3ಡಿ ಚಿತ್ರ. ಒಳಗೊಬ್ಬ ಗೊಂಬೆ ಮನುಷ್ಯನನ್ನು ಅಡ್ಡಾಡಿಸಲೂಬಹುದು. ಮೂರು ರಾತ್ರಿ ಅಡ್ಡಾಡಿಸಿದೆ. "ಬರೀ ಓಡಾಡ್ತಾನೆ, ಒಂದು ಲೋಟ ಕಾಫಿ ಮಾಡಲ್ಲ. ನಿಮ್ಮ ಥರಾನೇ" ಅಂದಳು ಇವಳು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿ, "ರೀ, ಸಿಲಿಂಡರ್ ಎಲ್ಲಿ?"

ಇರಲಿಲ್ಲ. ಒಲೆ ಇತ್ತು, ಅದರ ಕೆಳಗೆ ಚೆಂದದ ಮೂರು ಡ್ರಾಯರ್ ಇತ್ತು. 14.2 ಕೆಜಿಯ ನಮ್ಮ ಕೆಂಪು ಸಿಲಿಂಡರು ಎಲ್ಲೂ ಇರಲಿಲ್ಲ. ವೆಟ್ ಗ್ರೈಂಡರೂ ಇಲ್ಲ. ತಂತ್ರಾಂಶದ ಸಾಮಾನು ಪಟ್ಟಿಯಲ್ಲಿ ಪಿಯಾನೋ ಸಿಕ್ಕಿತು, ಗ್ರೈಂಡರ್ ಸಿಗಲಿಲ್ಲ.

ಸೋಲಲು ಮನಸ್ಸಿಲ್ಲದೆ ಇತಿಹಾಸಕ್ಕೆ ಕೈಹಾಕಿದೆ. ಈಗಿನ ಮಾಡ್ಯುಲರ್ ಕಿಚನ್ನುಗಳಿಗೆಲ್ಲ ಮೂಲ ಅನ್ನಬಹುದಾದ ಫ್ರಾಂಕ್‌ಫರ್ಟ್ ಅಡುಗೆಮನೆಯನ್ನು 1926ರಲ್ಲಿ ರೂಪಿಸಿದವಳು ವಿಯೆನ್ನಾದ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ. ಆರೂಕಾಲು ಅಡಿಗೆ ಹನ್ನೊಂದಡಿ ಜಾಗ. ಅಂಥವು ಸುಮಾರು 10,000 ಎದ್ದವು. ಅಲ್ಲಿಯವರೆಗೆ ತಾನು ಅಡುಗೆ ಮಾಡಿದವಳೇ ಅಲ್ಲ ಅಂತ ಆಕೆಯೇ ಆಮೇಲೆ ಹೇಳಿಕೊಂಡಳು. "ನೋಡು, ಅಡುಗೆ ಬಾರದವರೇ ಸರಿಯಾಗಿ ನಕ್ಷೆ ಹಾಕೋದು" ಅಂದೆ. "ಆಯಮ್ಮ ಅಡುಗೆ ಮಾಡೋರ ಹೆಜ್ಜೆ ಎಣಿಸಿದ್ದಾಳಲ್ಲ, ಗಡಿಯಾರ ಹಿಡಿದು? ನೀವು ಯಾವತ್ತಾದ್ರೂ ಒಳಗೆ ಬಂದಿದ್ದೀರಾ?" ಈ ವಿಷಯ ಇವಳಿಗೆ ಯಾರು ಹೇಳಿದರೋ.

ಒಳಗೆ ಹೋದೆ. ಐದು ಮೀಟರಿನ ಟೇಪು, ಒಂದು ಸೀಮೆಸುಣ್ಣ, ಮೊಮ್ಮಗಳ ಲೆಕ್ಕದ ಚೌಕಳಿ ಪುಸ್ತಕ. ಒಂದು ಚೌಕಕ್ಕೆ ಮೂರಿಂಚು ಅಂತ ಇಟ್ಟುಕೊಂಡರೆ ಎರಡಡಿ ಕಟ್ಟೆಗೆ ಎಂಟು ಚೌಕ, ಲೆಕ್ಕ ಸಲೀಸು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಮನೆಯಲ್ಲಿ ಗೋಡೆ ನಿಜವಾಗಿಯೂ ಡೊಂಕು. ಕೆಳಗೆ 8 ಅಡಿ 2 ಇಂಚು, ಸೊಂಟದ ಹತ್ತಿರ ಒಂದಿಂಚು ಕಮ್ಮಿ, ಮೇಲೆ ಮತ್ತೆ ಅರ್ಧ ಇಂಚು ಕಮ್ಮಿ. ಇಂಥಲ್ಲಿ ಚಿಕ್ಕ ಅಳತೆಯನ್ನೇ ಹಿಡಿಯಬೇಕು. ದೊಡ್ಡದನ್ನು ಹಿಡಿದರೆ ಕಪಾಟು ಬಾಗಿಲಲ್ಲೇ ಅತಿಥಿಯಂತೆ ನಿಲ್ಲುತ್ತದೆ. ಮೂಲೆಯಿಂದ ಒಂದು ಗೋಡೆಗೆ ಮೂರಡಿ, ಇನ್ನೊಂದಕ್ಕೆ ನಾಲ್ಕಡಿ ಗುರುತು ಹಾಕಿ ನಡುವೆ ಟೇಪು ಹಿಡಿದರೆ ಸರಿಯಾಗಿ ಐದಡಿ ಬರಬೇಕು. ಬರಲಿಲ್ಲ.

ಆಮೇಲೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಕಪಾಟು ಬರೆದೆ, ಗೋಡೆಗೆ ಹಳೇ ಪೇಪರ್ ಅಂಟಿಸಿ ಮೇಲಿನ ಕಪಾಟು ಮಾಡಿದೆ. ಇವಳು ಇಲ್ಲದ ಡ್ರಾಯರ್ ಎಳೆದಳು. ಎಳೆದ ಡ್ರಾಯರಿಗೂ ಫ್ರಿಜ್ಜಿನ ಬಾಗಿಲಿಗೂ ಜಗಳವಾಯಿತು. ಮಿಕ್ಸಿಯ ಜಾರು ಎತ್ತಿದಳು, ಪೇಪರಿಗೆ ಬಡಿಯಿತು. ಕಟ್ಟೆ ಎಲ್ಲರ ಮನೆಯಂತೆ 34 ಇಂಚು. ಇವಳು ಐದಡಿ ಒಂದಿಂಚು. ಕಟ್ಟೆಯ ಮೇಲೆ ಒಲೆ, ಒಲೆಯ ಮೇಲೆ ಐದು ಲೀಟರಿನ ಕುಕ್ಕರು: ಸೌಟು ಆಡಿಸಬೇಕಾದರೆ ಮೊಣಕೈ ಭುಜದವರೆಗೆ ಏಳುತ್ತದೆ. ಇಷ್ಟು ವರ್ಷ ತುದಿಗಾಲಲ್ಲಿ ನಿಂತೇ ಹುಳಿ ತಿರುವುತ್ತಿದ್ದಳು, ನಾನು ಹಾಲಿನಲ್ಲಿ ಕೂತು ಉಪ್ಪು ಕಮ್ಮಿ ಅನ್ನುತ್ತಿದ್ದೆ. ಒಲೆಯ ಕಡೆ ಕಟ್ಟೆ ನಾಲ್ಕಿಂಚು ಇಳಿಸುವುದು ಅಂತ ಅಲ್ಲೇ ತೀರ್ಮಾನವಾಯಿತು. ಅದರ ಕೆಳಗೇ ಸಿಲಿಂಡರ್, ಗಾಳಿ ಆಡುವ ಜಾಲರಿ ಬಾಗಿಲು.

ಬಡಗಿ ಬಂದ. ರಾಜಸ್ಥಾನದವನು, ಕನ್ನಡ ನನಗಿಂತ ಜೋರು. 3ಡಿ ಚಿತ್ರ ತೋರಿಸಿದೆ. "ಚೆನ್ನಾಗಿದೆ ಸಾರ್" ಅಂತ ಪಕ್ಕಕ್ಕಿಟ್ಟ. ಚೌಕಳಿ ಪುಸ್ತಕ ತೆಗೆದು ಹಾಳೆ ಹಾಳೆ ನೋಡಿದ, "ಇದು ಸಾಕು". ಗೋಡೆಗೆ ಮೂಲೆಮಟ್ಟ ಹಿಡಿದು "ಆರು ಸೂತು ಔಟು" ಅಂದ. ಎಂಟು ಸೂತಿಗೆ ಒಂದಿಂಚು. ಎಂಟಡಿ-ನಾಲ್ಕಡಿ ಪ್ಲೈವುಡ್ ಹಾಳೆಯನ್ನೂ ಅದೇ ಪುಸ್ತಕದಲ್ಲಿ ಬರೆದು, ಯಾವ ತುಂಡು ಎಲ್ಲಿಂದ ಕೊಯ್ಯುವುದು ಅಂತ ಗೆರೆ ಎಳೆದೆವು. ಏಳು ಹಾಳೆ ಅಂದಿದ್ದವನು ಆರಕ್ಕೆ ಇಳಿದ. ಸಿಂಕಿನ ಕೆಳಗೆ ಮಾತ್ರ ನೀರು ತಡೆಯುವ 710 ಗ್ರೇಡಿನದೇ ಬೇಕು ಅಂತ ಇವಳು ಹಟ ಹಿಡಿದಳು. ರಸ್ಕು ಇನ್ನೂ ಮರೆತಿರಲಿಲ್ಲ.

ಚೌಕಳಿ ಪುಸ್ತಕದಲ್ಲಿ ಇನ್ನೂ ಹನ್ನೆರಡು ಹಾಳೆ ಉಳಿದಿವೆ. ಬೇಕಾದವರು ಬಂದು ಕೇಳಿ, ಕೊಡುತ್ತೇನೆ. ಟೇಪು ಕೇಳಬೇಡಿ. ಅದು ಇವಳ ಡ್ರಾಯರಿನಲ್ಲಿದೆ.