‘ನಾಳೆ ಬಾ’ ಶಾಸನದ ರಾಯಪುರಂ ಮೂಲ: ಒಂದು ಸಂಶೋಧನೆ

ದ್ವಾರಲಿಪಿ, ಎಂದರೆ ಮನೆಯ ಕದದ ಮೇಲೆ ಸೀಮೆಸುಣ್ಣದಿಂದಲೋ ಇದ್ದಿಲಿನಿಂದಲೋ ಬರೆದ ‘ನಾಳೆ ಬಾ’ ಎಂಬ ಎರಡು ಪದಗಳ ಶಾಸನವು, 1990ರ ದಶಕದಲ್ಲಿ ಬೆಂಗಳೂರಿನ ಬೀದಿಗಳಲ್ಲೂ ಕರ್ನಾಟಕದ ಇತರ ಊರುಗಳಲ್ಲೂ ಹೇರಳವಾಗಿ ದೊರೆತಿದ್ದರೂ, ಅದರಲ್ಲಿ ರಾಜನ ಹೆಸರಿಲ್ಲ, ಶಕವರ್ಷವಿಲ್ಲ, ಅಳಿಸಿದವನಿಗೆ ಕವಿಲೆಯನ್ನು ಕೊಂದ ಪಾಪ ತಟ್ಟಲೆಂಬ ಶಾಪವೂ ಇಲ್ಲವೆಂಬ ಕಾರಣಕ್ಕೆ, ಬಿ.ಎಲ್. ರೈಸ್ ಪರಂಪರೆಯ ಶಾಸನತಜ್ಞರ ಕೃಪೆಗೆ ಪಾತ್ರವಾಗಲಿಲ್ಲ. ಆಚಂದ್ರಾರ್ಕವಾಗಿ, ಎಂದರೆ ಸೂರ್ಯಚಂದ್ರರಿರುವ ತನಕ, ನಡೆಯಲೆಂದು ಕಲ್ಲಿನಲ್ಲಿ ಕೊರೆಸಿದ ದತ್ತಿಗಳು ಎಂದೋ ನಿಂತುಹೋಗಿರುವಾಗ, ಒಂದೇ ದಿನದ ವಾಯಿದೆ ಕೇಳುವ ಈ ಶಾಸನವು ಪ್ರತಿರಾತ್ರಿ ತಾನಾಗಿಯೇ ಊರ್ಜಿತಗೊಳ್ಳುವುದು ಗಮನಾರ್ಹ.

ಇದರ ಓದುಗಾರ್ತಿ ಒಂದು ಹೆಣ್ಣುದೆವ್ವ. ರಾತ್ರಿ ಕದ ತಟ್ಟಿ, ತಾಯಿಯದೋ ಅಕ್ಕನದೋ ದನಿಯಲ್ಲಿ ಕರೆದು, ತೆರೆದವರ ಪ್ರಾಣ ತೆಗೆಯುವಳೆಂಬುದು ಐತಿಹ್ಯ. ಯಾರ ದನಿಯನ್ನಾದರೂ ಕದಿಯಬಲ್ಲ ಈಕೆ, ಕದದ ಮೇಲಿನ ಬರಹವನ್ನು ಕಂಡೊಡನೆ ಹಿಂದಿರುಗಿ, ಮರುದಿನ ಬಂದು ಅದನ್ನೇ ಓದಿ, ನಿನ್ನೆಯೂ ಹೀಗೇ ಬರೆದಿತ್ತಲ್ಲವೇ ಎಂದು ತಗಾದೆ ತೆಗೆಯದೆ ಮತ್ತೆ ಹೊರಡುವುದರಿಂದ, ಆಕೆ ಅಕ್ಷರಸ್ಥೆಯೂ ಮರೆಗುಳಿಯೂ ಆಗಿರುವುದು ನಿರ್ವಿವಾದ.

ಮೂಲದ ಪ್ರಶ್ನೆಯಲ್ಲಿ ವಿದ್ವಾಂಸರು ಚೆನ್ನೈನ ರಾಯಪುರಂ ಕಡೆಗೆ ತಿರುಗಬೇಕಾಗುತ್ತದೆ. ಅದರ ಉತ್ತರಕ್ಕಿರುವ ತಿರುವೊಟ್ರಿಯೂರಿನಲ್ಲಿ ತಮಿಳು ಕವಿ ಕಂಬನು ರಾಮಾಯಣ ಬರೆಯುವಾಗ ದೇವಿ ವಟ್ಟಪಾರೈ ಅಮ್ಮನೇ ದೀಪ ಹಿಡಿದಳೆಂಬ ಪ್ರತೀತಿಯಿದ್ದು, ಆ ಕಾವ್ಯದಲ್ಲಿ ಆಯುಧ ಕಳೆದುಕೊಂಡು ನಿಂತ ರಾವಣನನ್ನು ರಾಮನು, ಇವತ್ತು ಹೋಗಿ ನಾಳೆ ಬರುವಂತೆ ಹೇಳಿ ಕಳುಹಿಸುತ್ತಾನೆ. ರಾಕ್ಷಸವರ್ಗಕ್ಕೆ ವಾಯಿದೆ ಹೇಳುವ ಪದ್ಧತಿಗೆ ಇದಕ್ಕಿಂತ ಘನವಾದ ಆಕರ ಬೇಕಿಲ್ಲ. ಆದರೆ ಅಲ್ಲಿ ಅದನ್ನು ಒಂದೇ ಸಲ, ಅದೂ ಬಾಯಿಮಾತಿನಲ್ಲಿ ಹೇಳಿದ್ದರಿಂದ ರಾವಣನು ಬಂದೇ ಬಂದನು. ಬರೆದಿಟ್ಟು ಆ ಲೋಪವನ್ನು ಸರಿಪಡಿಸಿದ ಕೀರ್ತಿ ಬೆಂಗಳೂರಿನವರದು.

ಪದ್ಧತಿಯು ಬೆಂಗಳೂರಿಗೆ ತಲುಪಿದ ಬಗೆಗೆ ಹಳಿವಾದವೇ ಪ್ರಬಲ. ದಕ್ಷಿಣ ಭಾರತದ ಮೊದಲ ರೈಲು ನಿಲ್ದಾಣವು 1856ರಲ್ಲಿ ರಾಯಪುರಂನಲ್ಲಿಯೇ ತೆರೆಯಿತು. 1864ರಲ್ಲಿ ಹಳಿ ಬೆಂಗಳೂರಿನ ದಂಡು ಪ್ರದೇಶವನ್ನು ಮುಟ್ಟಿತು. ಹಾಗಾದರೆ ದೆವ್ವವು ಬಂದಿಳಿಯಲು ನೂರಿಪ್ಪತ್ತೈದಕ್ಕೂ ಹೆಚ್ಚು ವರ್ಷ ಹಿಡಿದದ್ದೇಕೆಂಬುದು ಪೂರ್ವಪಕ್ಷ, ಎಂದರೆ ಎದುರಾಳಿಯ ಆಕ್ಷೇಪ. ದಾರಿಯುದ್ದಕ್ಕೂ ಪ್ರತಿ ನಿಲ್ದಾಣದಲ್ಲಿ ಆಕೆಗೆ ನಾಳೆ ಬಾ ಎಂದೇ ಹೇಳಿರಬೇಕೆಂಬುದು ಅದಕ್ಕೆ ಸಮಾಧಾನ.

‘ಇಂದು ನಗದು, ನಾಳೆ ಉದ್ದರಿ’ ಎಂಬ ಅಂಗಡಿ ಫಲಕವೇ ಮೂಲವೆನ್ನುವ ಇನ್ನೊಂದು ಪಂಥವಿದೆ. ಸಾಲ ಕೇಳುವವನನ್ನೂ ಪ್ರಾಣ ಕೇಳುವವಳನ್ನೂ ಒಂದೇ ವರ್ಗಕ್ಕೆ ಸೇರಿಸುವ ಈ ವಾದವನ್ನು ವ್ಯಾಪಾರಿಗಳಲ್ಲದವರು ಒಪ್ಪುವುದು ಕಷ್ಟ.

2018ರ ‘ಸ್ತ್ರೀ’ ಚಿತ್ರದಲ್ಲಿ ಬರಹವು ಹಿಂದಿಗೆ ತಿರುಗಿದ ಮೇಲೆ, ದೆವ್ವವು ಬಹುಭಾಷಾ ಪ್ರವೀಣೆಯೆಂಬುದೂ ಸಿದ್ಧವಾಯಿತು. ಆದರೆ ಅಪಾರ್ಟ್‌ಮೆಂಟುಗಳಲ್ಲಿ ಕದ ತಟ್ಟುವ ಮೊದಲೇ ಗೇಟಿನ ಕಾವಲುಗಾರನು ರಿಜಿಸ್ಟರ್ ಚಾಚಿ, ಹೆಸರು, ಫ್ಲಾಟ್ ಸಂಖ್ಯೆ, ಬಂದ ಕಾರಣ ಬರೆಯಿರೆನ್ನುವುದರಿಂದ ಹೊಸದೊಂದು ಸಮಸ್ಯೆ ತಲೆದೋರಿದೆ: ಆಕೆಗೆ ಓದಲು ಬರುತ್ತದೆಂದು ಐತಿಹ್ಯ ಹೇಳುತ್ತದೆಯೇ ಹೊರತು, ಬರೆಯಲು ಬರುತ್ತದೆಂದು ಎಲ್ಲಿಯೂ ಹೇಳಿಲ್ಲ.