ದೊರೆ ನ್ಯೂಜೆರ್ಸಿಯಲ್ಲಿ, ದಂಡು ಯಲಹಂಕದಲ್ಲಿ

ನಾಲ್ವಡಿ ಕೃಷ್ಣರಾಜ ಒಡೆಯರು 1936ರಲ್ಲಿ ಯುರೋಪಿಗೆ ಹೋಗಿ ಬಂದರು. ವಾಪಸು ಬಂದಾಗ ಸಿಂಹಾಸನ ಇಟ್ಟ ಜಾಗದಲ್ಲೇ ಇತ್ತು. ಪ್ರಜಾಪ್ರಭುತ್ವ ಬಂದಮೇಲೆ ನಮ್ಮ ದೊರೆಗಳು ಕೂರುವ ಕುರ್ಚಿಯೇ ಬೇರೆ. ಅದರ ಕಾಲುಗಳಿಗೆ ನಡೆಯಲು ಬರುತ್ತದೆ, ವಿಮಾನ ಹತ್ತಲೂ ಬರುತ್ತದೆ.

2019ರ ಜೂನ್ ಕೊನೆಗೆ ಕಾಂಗ್ರೆಸ್-ಜೆಡಿಎಸ್ ಮೈತ್ರಿ ಸರ್ಕಾರದ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಅಮೆರಿಕಕ್ಕೆ ಹೊರಟರು. ನ್ಯೂಜೆರ್ಸಿಯಲ್ಲಿ ಆದಿಚುಂಚನಗಿರಿ ಮಠದ ಕಾಲಭೈರವೇಶ್ವರ ದೇವಸ್ಥಾನಕ್ಕೆ ಶಂಕುಸ್ಥಾಪನೆ. ಜುಲೈ 1ಕ್ಕೆ ಇಲ್ಲಿ ಕಾಂಗ್ರೆಸ್ಸಿನ ಆನಂದ್ ಸಿಂಗ್ ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಸರ್ಕಾರ ಬೀಳಿಸುವುದು ಬಿಜೆಪಿಯ ಹಗಲುಗನಸು ಎಂದು ಮುಖ್ಯಮಂತ್ರಿ ಅಲ್ಲಿಂದಲೇ ತಿಳಿಸಿದರು. ನ್ಯೂಜೆರ್ಸಿಗೂ ನಮಗೂ ಒಂಬತ್ತೂವರೆ ಗಂಟೆ ಅಂತರ. ಅಲ್ಲಿ ಹಗಲಾದಾಗ ಇಲ್ಲಿ ರಾತ್ರಿ, ನಮ್ಮ ರಾಜಕೀಯದ ಮುಖ್ಯ ಕೆಲಸಗಳೆಲ್ಲ ನಡೆಯುವುದೂ ರಾತ್ರಿಯೇ.

ಜುಲೈ 6ರಂದು ಆಡಳಿತ ಪಕ್ಷಗಳ ಹತ್ತಕ್ಕೂ ಹೆಚ್ಚು ಶಾಸಕರು ಸ್ಪೀಕರ್ ಕಚೇರಿಗೆ ನುಗ್ಗಿದರು. ಸ್ಪೀಕರ್ ರಮೇಶ್ ಕುಮಾರ್ ಅಲ್ಲಿರಲಿಲ್ಲ. ರಾಜೀನಾಮೆ ಪತ್ರಗಳನ್ನು ಕಚೇರಿಗೆ ಕೊಟ್ಟು, ರಾಜಭವನಕ್ಕೆ ಹೋಗಿ ಬಂದು, ಎಚ್‌ಎಎಲ್‌ನಿಂದ ವಿಶೇಷ ವಿಮಾನದಲ್ಲಿ ಮುಂಬೈಗೆ ಹಾರಿದರು. ಮರುದಿನ ದೊರೆ ಬಂದಿಳಿದರು. ಅದರ ಮರುದಿನ ಮಂತ್ರಿಗಳೆಲ್ಲ ರಾಜೀನಾಮೆ ಕೊಟ್ಟರು, ರಾಜೀನಾಮೆ ಕೊಟ್ಟವರನ್ನು ಮಂತ್ರಿ ಮಾಡುವುದಕ್ಕೆ!

ಪ್ರವಾಸವೇ ಸರ್ಕಾರ ಕೆಡವಿತು ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮುಖ್ಯಮಂತ್ರಿ ಊರಲ್ಲಿದ್ದಾಗಲೂ ಪಂಚತಾರಾ ಹೋಟೆಲಿನಿಂದಲೇ ಆಡಳಿತ ನಡೆಸುತ್ತಾರೆ, ಕೈಗೆ ಸಿಗುವುದಿಲ್ಲ ಎಂಬ ದೂರು ಮೊದಲೇ ಇತ್ತು. ಸಿಗದವರು ರೇಸ್‌ಕೋರ್ಸ್ ರಸ್ತೆಯ ಆ ಹೋಟೆಲಿನಲ್ಲಿದ್ದರೇನು, ನ್ಯೂಜೆರ್ಸಿಯಲ್ಲಿದ್ದರೇನು?

ನಿಜವಾದ ರಾಜತಾಂತ್ರಿಕತೆ ನಡೆದದ್ದು ಆಮೇಲೆ, ಉತ್ತರ ಬೆಂಗಳೂರಿನಲ್ಲಿ. ಬಿಜೆಪಿ ಶಾಸಕರು ಯಲಹಂಕದಾಚೆ ರಾಜಾನುಕುಂಟೆಯ ರಮಡ ರೆಸಾರ್ಟಿನಲ್ಲಿ, ಕಾಂಗ್ರೆಸ್ಸಿನವರು ಯಶವಂತಪುರದ ತಾಜ್‌ನಲ್ಲಿ, ಜೆಡಿಎಸ್‌ನವರು ದೇವನಹಳ್ಳಿ ಕಡೆಯ ಗಾಲ್ಫ್‌ಶೈರ್‌ನಲ್ಲಿ. ಮೂರು ರಾಯಭಾರ ಕಚೇರಿಗಳು! ತನ್ನ ಶಾಸಕನನ್ನು ನೋಡಬೇಕೆಂದು ಯಾವ ಮತದಾರನಾದರೂ ಅರ್ಜಿ ಹಿಡಿದು ಬಂದಿದ್ದರೆ, ಅವನಿಗೆ ಅಮೆರಿಕದ ವೀಸಾ ಬೇಗ ಸಿಗುತ್ತಿತ್ತು, ರೆಸಾರ್ಟಿನ ಗೇಟು ದಾಟುವುದು ಕಷ್ಟವಿತ್ತು.

ಈ ಪ್ರಸಂಗದ ಸ್ವಾರಸ್ಯವೆಲ್ಲ ಯಶವಂತಪುರದ್ದು. ಊರೂರಿನ ಕಾಂಗ್ರೆಸ್ ಶಾಸಕರು ಯಶವಂತಪುರದ ಹೋಟೆಲಿನಲ್ಲಿ ತುಂಬಿದ್ದರು. ಯಶವಂತಪುರದ ಶಾಸಕ ಎಸ್.ಟಿ. ಸೋಮಶೇಖರ್ ಮಾತ್ರ ಮುಂಬೈ ಹೋಟೆಲಿನಲ್ಲಿದ್ದರು. (ಯಶವಂತಪುರ ಕ್ಷೇತ್ರ ಹರಡಿರುವುದು ಕೆಂಗೇರಿ, ತಾವರೆಕೆರೆ ಕಡೆ. ನಮ್ಮಲ್ಲಿ ಕ್ಷೇತ್ರವೂ ಹೆಸರಿಟ್ಟ ಜಾಗದಲ್ಲಿ ನಿಲ್ಲುವುದಿಲ್ಲ, ಶಾಸಕರನ್ನೇ ಯಾಕೆ ಬೈಯಬೇಕು.) ಮುಂಬೈಗೆ ಹಾರಿದ್ದ ಶಾಸಕರನ್ನು ಕರೆತರಲು ಜುಲೈ 10ರಂದು ಅಲ್ಲಿಗೆ ಹೋದ ಕಾಂಗ್ರೆಸ್ಸಿನ ಡಿ.ಕೆ. ಶಿವಕುಮಾರ್ ಅವರನ್ನು ಅಲ್ಲಿನ ಪೊಲೀಸರು ಹೋಟೆಲಿನ ಒಳಗೇ ಬಿಡಲಿಲ್ಲ. ಕಾಯ್ದಿರಿಸಿದ ರೂಮಿತ್ತು, ಸುರಿಯುವ ಮಳೆಯಿತ್ತು, ಪ್ರವೇಶವೊಂದೇ ಇರಲಿಲ್ಲ. ಮರುದಿನ ಸಂಜೆ ಆರರೊಳಗೆ ಸ್ಪೀಕರ್ ಮುಂದೆ ಹಾಜರಾಗಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದೇ ತಡ, ಅದೇ ಶಾಸಕರು ವಿಧಾನಸೌಧದ ಮೊಗಸಾಲೆಯಲ್ಲಿ ಏದುಸಿರು ಬಿಡುತ್ತ ಓಡಿದರು. ಕ್ಷೇತ್ರದ ಕೆಲಸಕ್ಕೆ ಯಾರೂ ಹಾಗೆ ಓಡಿದ್ದನ್ನು ನಾನು ಕಂಡಿಲ್ಲ.

ಅಷ್ಟು ದಿನ ಬಳ್ಳಾರಿ ರಸ್ತೆಯೇ ಅಂತರರಾಷ್ಟ್ರೀಯ ಗಡಿ, ಹೆಬ್ಬಾಳದ ಮೇಲ್ಸೇತುವೆಯೇ ಚೆಕ್‌ಪೋಸ್ಟು. ಶಾಸಕರ ಬಸ್ಸು ದಾಟಿತು. ಆಫೀಸಿಗೆ ಹೊರಟ ಆರ್.ಟಿ. ನಗರದವನಿಗೆ ಮಾತ್ರ ಯಾವ ರಾಜತಾಂತ್ರಿಕ ವಿನಾಯಿತಿಯೂ ಇರಲಿಲ್ಲ.

ಜುಲೈ 23ರಂದು ವಿಶ್ವಾಸಮತದಲ್ಲಿ 99ಕ್ಕೆ 105. ಸರ್ಕಾರ ಬಿತ್ತು. ಜುಲೈ 26ಕ್ಕೆ ಬಿಜೆಪಿಯ ಯಡಿಯೂರಪ್ಪನವರು ಒಬ್ಬರೇ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಆಗಸ್ಟ್ 20ರವರೆಗೂ ರಾಜ್ಯಕ್ಕೆ ಬೇರೆ ಮಂತ್ರಿಯೇ ಇರಲಿಲ್ಲ. ಆ ಹೊತ್ತಿಗೆ ಉತ್ತರ ಕರ್ನಾಟಕ ಪ್ರವಾಹದಲ್ಲಿ ಮುಳುಗಿತ್ತು. ಕುರ್ಚಿಗಾಗಿ ಅಷ್ಟು ಜನ ಅಷ್ಟು ದೂರ ಹಾರಿದ್ದಕ್ಕೆ ಫಲ ಏನೆಂದರೆ, ಕುರ್ಚಿಗಳೆಲ್ಲ ಖಾಲಿ ಬಿದ್ದಿದ್ದವು.

ಸೋಮಶೇಖರ್ ಅವರನ್ನು ಸ್ಪೀಕರ್ ಅನರ್ಹಗೊಳಿಸಿದರು, ಡಿಸೆಂಬರಿನ ಉಪಚುನಾವಣೆಯಲ್ಲಿ ಅದೇ ಯಶವಂತಪುರದ ಮತದಾರರು ಬಿಜೆಪಿಯಿಂದ ಗೆಲ್ಲಿಸಿ ಅರ್ಹಗೊಳಿಸಿದರು. 2020ರ ಫೆಬ್ರುವರಿಯಲ್ಲಿ ಸಹಕಾರ ಸಚಿವರಾದರು. 2025ರ ಮೇನಲ್ಲಿ ಬಿಜೆಪಿ ಅವರನ್ನು ಉಚ್ಚಾಟಿಸಿತು. ಈ ಸಲ ಪಕ್ಷ ಬಿಡಲು ಮುಂಬೈಗೆ ಟಿಕೆಟ್ ಬೇಕಾಗಲಿಲ್ಲ.